ದೆವ್ವದ ಕತ್ತಿಗೆ ಆಯುಧಪೂಜೆ

ಗೋವಿಂದರಾಜನಗರದ ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಈಗ ಫ್ಯಾನ್ಸಿ ಸ್ಟೋರ್ ಇದೆ. ಬಳೆ, ಕ್ಲಿಪ್ಪು, ರಿಬ್ಬನ್ನು ಮಾರುವ ಆ ಹೆಂಗಸಿಗೆ, ತಾನು ಕೂತಿರುವ ಜಾಗದಲ್ಲಿ ಹಿಂದೊಮ್ಮೆ ದಿನಕ್ಕೆ ನೂರಾರು ಹೆಣ ಬೀಳುತ್ತಿದ್ದವು ಎಂಬುದು ಗೊತ್ತಿಲ್ಲ. ನಾನೂ ಹೇಳಿಲ್ಲ. ಹೇಳಿದರೆ ಪಾಪ, ಅಂಗಡಿ ಖಾಲಿ ಮಾಡಿಯಾಳು.

ಎರಡು ಸಾವಿರದ ಆರು ಏಳರ ಆಸುಪಾಸಿನಲ್ಲಿ ಅಲ್ಲಿದ್ದದ್ದು ನಮ್ಮದೇ ಬ್ರೌಸಿಂಗ್ ಸೆಂಟರ್. ಗೋಡೆಗುಂಟ ಎಂಟು ಕಂಪ್ಯೂಟರ್, ಎಂಟು ರೆಕ್ಸಿನ್ ಕುರ್ಚಿ, ಹರಿದ ಸ್ಪಂಜಿನ ಎಂಟು ಹೆಡ್‌ಫೋನ್. ಆಗಿನ ಮಾನಿಟರುಗಳು ಹಿಂಬದಿ ಊದಿಕೊಂಡ ದೊಡ್ಡ ಡಬ್ಬಗಳು. ಆನ್ ಮಾಡಿದ ಕೂಡಲೇ ಹತ್ತಿರ ಕೈ ಒಯ್ದರೆ ರೋಮವೆಲ್ಲ ಎದ್ದು ನಿಲ್ಲುತ್ತಿತ್ತು. ಬೋರ್ಡಿನಲ್ಲಿ ಬ್ರೌಸಿಂಗ್ ಎಂದು ಬರೆದಿತ್ತೇ ಹೊರತು ಬ್ರೌಸ್ ಮಾಡಲು ಬರುತ್ತಿದ್ದವರು ಬೆರಳೆಣಿಕೆಯ ಜನ. ಪರೀಕ್ಷೆಯ ರಿಸಲ್ಟ್ ಬರುವ ದಿನ ಮಾತ್ರ ಅಪ್ಪ ಅಮ್ಮಂದಿರ ದಂಡು ಬರುತ್ತಿತ್ತು. ಮಿಕ್ಕ ದಿನವೆಲ್ಲ ಹುಡುಗರು. ಯಂತ್ರಗಳನ್ನು ಒಂದಕ್ಕೊಂದು ವೈರಿನಿಂದ ಜೋಡಿಸಿಕೊಂಡು, ನಾಲ್ಕು ನಾಲ್ಕು ಜನರ ಎರಡು ತಂಡವಾಗಿ, ಒಬ್ಬರನ್ನೊಬ್ಬರು ಕೊಲ್ಲುವ ಒಂದು ಆಟವನ್ನು ಆಡುತ್ತಿದ್ದರು.

ಆ ಆಟದಲ್ಲಿ ಎಲ್ಲರ ಕೈಗೂ ಬಂದೂಕು ಸಿಗುತ್ತಿತ್ತು. ಆದರೆ ಬಯಲಿನ ನಡುವೆ ಒಂದು ಪಾಳು ಗೋಪುರವಿತ್ತು, ಅದರೊಳಗೆ ನೆಲಕ್ಕೆ ನಾಟಿಕೊಂಡ ಒಂದು ಕತ್ತಿ. ಹುಡುಗರು ಅದನ್ನು ದೆವ್ವದ ಕತ್ತಿ ಎನ್ನುತ್ತಿದ್ದರು. ಎತ್ತಿಕೊಂಡವನ ಹೆಡ್‌ಫೋನಿನಲ್ಲಿ ಯಾರೋ ಪಿಸುಗುಟ್ಟಲು ಶುರುಮಾಡುತ್ತಿದ್ದರು. ಯಾವ ಭಾಷೆಯೋ ದೇವರಿಗೇ ಗೊತ್ತು. ನಮ್ಮ ರಸ್ತೆಯ ಹುಡುಗನೊಬ್ಬ ಅದು ತೆಲುಗು ಎಂದು ಕೊನೆಯವರೆಗೂ ವಾದಿಸಿದ. ಆ ಕತ್ತಿಯ ಒಂದೇ ಏಟಿಗೆ ಎದುರಿನವನ ತಲೆ ಹೋಗುತ್ತಿತ್ತು, ಹೊಡೆದವನ ಆಯಸ್ಸು ಏರುತ್ತಿತ್ತು. ಆದರೆ ಅದಕ್ಕೆ ಹಸಿವು ಜಾಸ್ತಿ. ಒಂದು ನಿಮಿಷ ಯಾರೂ ಸಿಗದಿದ್ದರೆ ಹಿಡಿದವನ ಪ್ರಾಣವನ್ನೇ ಹೀರಿಬಿಡುತ್ತಿತ್ತು. ಬೇಡ ಎಂದು ಕೆಳಗಿಡುವ ಹಾಗೂ ಇಲ್ಲ. ಹಿಡಿದವನು ಸತ್ತ ಮೇಲೆಯೇ ಅದು ಪಕ್ಕಕ್ಕೆ ಬಿದ್ದು ಇನ್ನೊಬ್ಬನಿಗಾಗಿ ಕಾಯುತ್ತಿತ್ತು.

ನಾನಾಗ ಬಿಕಾಂ ಕೊನೆಯ ವರ್ಷ. ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಸೆಂಟರು. ನೋಡಿ ನೋಡಿ ಆಟ ಕಲಿತೆ, ಆಮೇಲೆ ಆ ಕತ್ತಿ ನನ್ನ ಕೈಗೆ ಚೆನ್ನಾಗಿ ಒಗ್ಗಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿದ್ದದ್ದರಿಂದ ಇರಬೇಕು. ಸೋತ ಹುಡುಗರು ಮೌಸ್ ಸರಿಯಿಲ್ಲ ಎಂದು ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರ ಮುಖಕ್ಕೇ ಹೇಳುತ್ತಿದ್ದೆ. ಒಂದು ತಂಡ ನಮ್ಮ ರಸ್ತೆಯದು, ನಾನೂ ಅದರಲ್ಲೇ. ಇನ್ನೊಂದು ತಂಡ ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಗದಗ, ಹುಬ್ಬಳ್ಳಿ ಕಡೆಯ ಹುಡುಗರದು. ಪಕ್ಕದ ಪರದೆಗೆ ಇಣುಕಿ ನೋಡಿ ಗೆಲ್ಲುತ್ತಾರೆ ಎಂದು ಇವರು ಅವರನ್ನು, ಅವರು ಇವರನ್ನು ದೂರುತ್ತಿದ್ದರು. ಎರಡು ತಂಡಗಳೂ ಒಟ್ಟಿಗೆ ಟೀ ಕುಡಿದದ್ದನ್ನು ನಾನು ನೋಡಿರಲಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದಾಗ ಮಳಿಗೆಯ ಯಜಮಾನರು, ಅಂದರೆ ನಮ್ಮಪ್ಪ, ಮೇಲಿನ ಮನೆಯಲ್ಲಿ ದಿವಾನದ ಮೇಲೆ ಮಲಗಿರುತ್ತಿದ್ದರು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೇಥ್ ಮುಂದೆ ನಿಂತವರು. ಕಬ್ಬಿಣದ ಸರಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ತಿರುವಿ ಕೊಡುತ್ತಿದ್ದರು. ಒಂದು ದಿನ ಕಾರ್ಖಾನೆ ಬಾಗಿಲು ಹಾಕಿತು. ಕಂಪ್ಯೂಟರ್ ಇಡೋಣ ಎಂದು ಹಟ ಹಿಡಿದವಳು ನಾನು. ಅಪ್ಪ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಶೆಟರ್ ಎತ್ತುವುದು, ಇಳಿಸುವುದು ಎಲ್ಲ ನನ್ನದೇ ಆಯಿತು. ದಾರಿಯಲ್ಲಿ ಯಾರಾದರೂ ಸಿಕ್ಕಿ ಏನು ಸಾರ್ ಮಾಡ್ತಾ ಇದೀರಿ ಎಂದು ಕೇಳಿದರೆ, ತಮ್ಮದೇ ಬೋರ್ಡಿನ ಕೆಳಗೆ ನಿಂತುಕೊಂಡು, ಏನಿಲ್ಲ ಮನೇಲೇ ಇದೀನಿ ಎನ್ನುತ್ತಿದ್ದರು. ಸೆಂಟರ್ ನಡೆಯಲಿ ಬಿಡಲಿ, ಅಪ್ಪ ಆ ದಿವಾನದಿಂದ ಏಳಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆಯುಧಪೂಜೆ ಅಪ್ಪನ ಹಬ್ಬವಾಗಿತ್ತು. ಕಾರ್ಖಾನೆಯೊಳಗೆ ನಮ್ಮನ್ನು ಬಿಡುತ್ತಿದ್ದದ್ದು ವರ್ಷಕ್ಕೆ ಅದೊಂದೇ ದಿನ. ಲೇಥನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಎಣ್ಣೆ ಸವರಿ, ಬಾಳೆಕಂದು ಕಟ್ಟಿ, ಅದರ ಪಕ್ಕದಲ್ಲಿ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ನಿಂತಿರುತ್ತಿದ್ದರು. ಇದೇ ನಮ್ ಮೆಷಿನ್ನು ಎಂದು ಪ್ರತಿ ವರ್ಷವೂ ಹೊಸದಾಗಿ ತೋರಿಸುತ್ತಿದ್ದರು. ನಾವು ಕಡಲೆಪುರಿ, ಬೂಂದಿಯ ಪೊಟ್ಟಣ ಹಿಡಿದುಕೊಂಡು ಪ್ರತಿ ವರ್ಷವೂ ಹೊಸದಾಗಿ ನೋಡುತ್ತಿದ್ದೆವು. ಕಾರ್ಖಾನೆ ಮುಚ್ಚಿದ ವರ್ಷ ಅಪ್ಪ ಹಬ್ಬದ ದಿನವಿಡೀ ಗೋಡೆ ಕಡೆ ಮುಖ ಮಾಡಿ ಮಲಗಿದರು. ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಈಳಿಗೆಮಣೆಗೂ ಹೊಲಿಗೆ ಮೆಷಿನ್ನಿಗೂ ಕುಂಕುಮ ಇಟ್ಟು, ಕರ್ಪೂರದ ವಾಸನೆಯೂ ಹೊರಗೆ ಬರದ ಹಾಗೆ ಪೂಜೆ ಮುಗಿಸಿದಳು.

ಮರುವರ್ಷ ಹಬ್ಬ ಹತ್ತಿರ ಬಂತು. ಅಮ್ಮ ಕೇಳಿಯೂ ಕೇಳದ ಹಾಗೆ, ಕೆಳಗಡೆ ಪೂಜೆ ಇಟ್ಕೊಳ್ಳೋಣ್ವಾ ಎಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಯಾವ ಆಯುಧ ಇದೆ ಅಂತ ಪೂಜೆ ಮಾಡ್ಲಿ?" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ಕೈ ಹಿಡಿದು ಎಬ್ಬಿಸಿದೆ. ಆಯುಧ ತಾನೇ ಬೇಕು, ಬನ್ನಿ ತೋರಿಸ್ತೀನಿ ಎಂದು ದರದರ ಮೆಟ್ಟಿಲಿಳಿಸಿಕೊಂಡು ಬಂದೆ. ಆಡುತ್ತಿದ್ದ ಒಬ್ಬ ಹುಡುಗನನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕೂತೆ, ಗೋಪುರಕ್ಕೆ ಓಡಿದೆ, ಕತ್ತಿ ಎತ್ತಿಕೊಂಡೆ. ನೀಲಿ ಬೆಳಕಿನ ಅಲಗು ಪರದೆಯ ಅರ್ಧಕ್ಕೆ ನಿಂತಿತು. ನೋಡಿ ಆಯುಧ ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬಗ್ಗಿ ನೋಡಿದರು. ತಿರುಗಿಸು ಎಂದರು. ತಿರುಗಿಸಿದೆ.

"ಹಿಡಿ ಸಣ್ಣದಾಯ್ತು. ಭಾರ ಎಲ್ಲಾ ಮುಂದಕ್ಕೆ ಬಿದ್ದಿದೆ. ಬೀಸಿದ್ರೆ ಮಣಿಕಟ್ಟು ಹೋಗುತ್ತೆ," ಎಂದರು. ಇನ್ನೂ ಬಗ್ಗಿ ನೋಡಿ, "ಆದ್ರೆ ಅಲಗು ಚೆನ್ನಾಗಿ ಎಳ್ದವ್ರೆ," ಎಂದು ಸೇರಿಸಿದರು.

ಒಂದೂವರೆ ವರ್ಷದಲ್ಲಿ ಅಪ್ಪ ಯಾವುದೇ ವಸ್ತುವಿನ ಬಗ್ಗೆ ಆಡಿದ ಅತಿ ಉದ್ದದ ಮಾತು ಅದು. ಹುಡುಗರೆಲ್ಲ ಆಟ ನಿಲ್ಲಿಸಿ ಕೇಳುತ್ತಿದ್ದರು. ನಾನು ಸಿಕ್ಕಿದ್ದೇ ಅವಕಾಶ ಎಂದು, ಇದಕ್ಕೇ ಪೂಜೆ ಮಾಡಿ, ಬೇಕಾದರೆ ಕಲರ್ ಪ್ರಿಂಟ್ ತೆಗೆಸಿಕೊಂಡು ಬರ್ತೀನಿ ಎಂದೆ. ಅಪ್ಪ ಬೇಡವೆಂದು ತಲೆಯಾಡಿಸಿದರು. ಫೋಟೋ ಇಟ್ಟು ಹೂವು ಹಾಕುವುದು ಸತ್ತವರಿಗೆ, ಆಯುಧಕ್ಕಲ್ಲ. ಪೂಜೆ ಎಂದರೆ ಆಯುಧ ಎದುರಿಗೆ ಇರಬೇಕು, ಇದೇ ಇರಬೇಕು ಎಂದರು. ಆಯ್ತು ಎಂದುಬಿಟ್ಟೆ. ಆ ಕತ್ತಿ ನಿಮಿಷಕ್ಕೊಂದು ತಲೆ ಕೇಳುತ್ತದೆ ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಅಪ್ಪ ಮತ್ತೆ ಮೆಟ್ಟಿಲು ಹತ್ತಿ ದಿವಾನಕ್ಕೆ ಹೋಗುತ್ತಿದ್ದರು.

ಹುಡುಗರಿಗೆ ಮಾತ್ರ ಹೇಳಿದೆ. ಪೂಜೆ ಮುಗಿಯುವವರೆಗೆ ಕತ್ತಿ ನನ್ನ ಕೈಯಲ್ಲಿ ಉಳಿಯಬೇಕು, ಅದಕ್ಕೆ ನೀವು ಒಬ್ಬೊಬ್ಬರೇ ಬಂದು ಸಾಯಬೇಕು. ನಮ್ಮ ರಸ್ತೆಯ ಮೂವರು ಒಪ್ಪಿದರು. ನಾಗರಬಾವಿಯವರ ಪೈಕಿ ಒಬ್ಬ ಊರಿಗೆ ಹೋಗಿದ್ದ, ಉಳಿದ ಮೂವರಿಗೆ ರಜೆಯಲ್ಲಿ ಊರಿಗೆ ಹೋಗಲು ಬಸ್ ಸಿಕ್ಕಿರಲಿಲ್ಲ. ಅವರೂ ಒಪ್ಪಿದರು. ಬೂಂದಿ ಇರ್ತದಲ್ರೀ ಅಕ್ಕಾರ ಎಂದು ಮಾತ್ರ ವಿಚಾರಿಸಿಕೊಂಡರು.

ಹಬ್ಬದ ಬೆಳಗ್ಗೆ ಆರೂ ಜನ ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಬಂದರು. ಅಷ್ಟು ಶುದ್ಧವಾಗಿ ಆ ಹುಡುಗರನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಒಂದನೇ ಯಂತ್ರದ ಮೇಜಿಗೆ ಬಾಳೆಕಂದು, ಮಾನಿಟರ್ ನೆತ್ತಿಗೆ ಚೆಂಡುಹೂವು. ಅಪ್ಪ ನುಣ್ಣಗೆ ಶೇವ್ ಮಾಡಿಕೊಂಡು ಪಂಚೆಯಲ್ಲಿ ಇಳಿದು ಬಂದರು. ಪೂಜೆ ಎಂದರೆ ಪೂಜೆ. ಪ್ರತಿ ಪೆಟ್ಟಿಗೆಗೂ ವಿಭೂತಿ, ಪ್ರತಿ ಕೀಬೋರ್ಡಿಗೂ ಗಂಧ. ನಾನು ಆಟ ಶುರುಮಾಡುವ ಗಡಿಬಿಡಿಯಲ್ಲಿದ್ದೆ. ಹಿಂದಿರುಗಿ ನೋಡುವಷ್ಟರಲ್ಲಿ ಅಪ್ಪ ಎಂಟೂ ಮೌಸುಗಳನ್ನು ಅಂಗಾತ ಮಲಗಿಸಿ, ಹೊಟ್ಟೆಯಲ್ಲಿ ಕೆಂಪು ದೀಪ ಮಿನುಗುವ ಕಣ್ಣಿಗೇ ನೀರಿನಲ್ಲಿ ಕಲಸಿದ ಕುಂಕುಮ ಮೆತ್ತಿ ಮುಗಿಸಿದ್ದರು. ಲೇಥಿನಲ್ಲಿ ಕಬ್ಬಿಣಕ್ಕೆ ತಾಗುವ ಉಳಿಯ ಬಾಯಿಗೇ ಕುಂಕುಮ ಇಡುವುದು ಅವರ ಪದ್ಧತಿ. ಕೆಲಸ ಮಾಡುವ ಜಾಗ ಬಿಟ್ಟು ಬೆನ್ನಿಗೆ ಇಟ್ಟರೆ ಏನು ಬಂತು ಎಂದು ಅವರ ಲೆಕ್ಕ.

ಕಣ್ಣು ಮುಚ್ಚಿದ ಮೌಸಿನಿಂದ ಪರದೆಯ ಮೇಲೆ ಏನೂ ಅಲುಗಾಡುವುದಿಲ್ಲ. ನಾನು ನನ್ನದನ್ನು ದುಪಟ್ಟಾದ ತುದಿಯಲ್ಲಿ ಕದ್ದು ಒರೆಸಿಕೊಂಡೆ. ಹುಡುಗರಿಗೂ ಸನ್ನೆ ಮಾಡಿದೆ. ಒಬ್ಬನೂ ಒರೆಸಲಿಲ್ಲ. ದಿನಕ್ಕೆ ನೂರು ತಲೆ ತೆಗೆಯುವ ಈ ಪುಂಡರಿಗೆ ಪೂಜೆಯ ಕುಂಕುಮ ಅಳಿಸಲು ಕೈ ಬರಲಿಲ್ಲ. ಕೀಬೋರ್ಡ್ ಸಾಕು ಬಿಡಿ ಅಕ್ಕ ಎಂದರು. ಮೌಸಿನ ಕಣ್ಣಿಲ್ಲದಿದ್ದರೂ ಮುಂದೆ ನಡೆಯಬಹುದು, ಅದರ ಗುಂಡಿ ಒತ್ತಿ ಹೊಡೆಯಬಹುದು, ಸರಿಯಾಗಿ ತಿರುಗಲಾಗುವುದಿಲ್ಲ.

ನಾನು ಗೋಪುರಕ್ಕೆ ಹೋಗಿ ಕತ್ತಿ ಎತ್ತಿದೆ. ಅಪ್ಪ ಶ್ಲೋಕ ಶುರುಮಾಡಿದರು. ಅವರಿಗೆ ಬರುತ್ತಿದ್ದದ್ದು ನಾಲ್ಕೇ ಶ್ಲೋಕ, ಆದರೆ ಒಂದೊಂದನ್ನೂ ಅಳೆದು ತೂಗಿ ಹೇಳುತ್ತಿದ್ದರು. ನನ್ನ ಆಯಸ್ಸು ನೂರರಿಂದ ಇಳಿಯತೊಡಗಿತು. ಐವತ್ತಕ್ಕೆ ಬಂದಾಗ ನಮ್ಮ ರಸ್ತೆಯ ಹುಡುಗನೊಬ್ಬ ಗೋಪುರದ ಬಾಗಿಲಲ್ಲಿ ಕಾಣಿಸಿಕೊಂಡ. ಬಂದು ಎದುರಿಗೆ ನಿಂತ, ಕೂರುವ ಕೀ ಒತ್ತಿ ತಲೆ ತಗ್ಗಿಸಿದ. ಹೊಡೆದೆ. ಅವನ ಹಿಂದೆ ನಾಗರಬಾವಿಯವನು. ಅವನೂ ತಲೆ ತಗ್ಗಿಸಿದ. ಕತ್ತಿಗೆ ನಮ್ಮವರು ನಿಮ್ಮವರು ಎಂಬ ಭೇದವಿರಲಿಲ್ಲ. ಸತ್ತವರು ಹತ್ತು ಎಣಿಸುವಷ್ಟರಲ್ಲಿ ತಮ್ಮ ತಮ್ಮ ಪಾಳೆಯದಲ್ಲಿ ಎಲ್ಲೆಲ್ಲೋ ಮತ್ತೆ ಹುಟ್ಟುತ್ತಿದ್ದರು, ಮತ್ತೆ ಗೋಪುರದ ಕಡೆ ಓಡುತ್ತಿದ್ದರು. ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದವರು, ಈಗ ನಮ್ಮ ಸರದಿ, ಇಲ್ಲ ನಮ್ಮದು ಎಂದು ಪಿಸುದನಿಯಲ್ಲಿ ಜಗಳವಾಡುತ್ತಾ ಬಂದು ಬಂದು ಸತ್ತರು. ನನಗೆ ನಗು ಬರಬೇಕಿತ್ತು. ಕಣ್ಣಲ್ಲಿ ನೀರು ತುಂಬಿ ಪರದೆ ಮಂಜಾಯಿತು. ಅಷ್ಟು ಪ್ರೀತಿ ಆ ಹುಡುಗರ ಮೇಲೆ ಅದಕ್ಕಿಂತ ಮೊದಲು ನನಗೆ ಬಂದಿರಲಿಲ್ಲ.

ಮೂರನೇ ಶ್ಲೋಕದ ಹೊತ್ತಿಗೆ ಎಡವಟ್ಟಾಯಿತು. ತಿರುಗಿಸಲಾರದ ಮೌಸಿನಿಂದ ಒಬ್ಬ ಬಂಡೆಗೆ ಮೂತಿ ಒತ್ತಿಕೊಂಡು ನಿಂತ. ಇನ್ನೊಬ್ಬ ಹಳ್ಳಕ್ಕೆ ಬಿದ್ದ. ಉಳಿದವರು ಬಾಗಿಲು ಸಿಗದೆ ಗೋಪುರದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ನನ್ನ ಆಯಸ್ಸು ಎಪ್ಪತ್ತಕ್ಕೆ ಇಳಿಯಿತು. ಮಂಗಳಾರತಿ ಇನ್ನೂ ಆಗಿರಲಿಲ್ಲ. ನನ್ನ ಮುಖ ನೋಡಿ ಅಪ್ಪ ಶ್ಲೋಕ ನಿಲ್ಲಿಸಿ ಏನಾಯ್ತು ಎಂದರು. ಮುಚ್ಚಿಡಲು ಆಗಲಿಲ್ಲ. ಯಾರೂ ಬರದಿದ್ದರೆ ನಾನು ಸಾಯುತ್ತೇನೆ, ಕತ್ತಿ ಬಿದ್ದುಹೋಗುತ್ತದೆ ಎಂದು ಹೇಳಿಬಿಟ್ಟೆ.

ಅಪ್ಪ ಎಲ್ಲರ ಪರದೆಗಳನ್ನೂ ಒಮ್ಮೆ ನೋಡಿದರು. ಆರತಿ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟರು. ನೆಟ್ಟಗೆ ಹೋಗಿ, ಊರಿಗೆ ಹೋಗಿದ್ದವನ ಎಂಟನೇ ಯಂತ್ರದ ಮುಂದೆ ಕೂತರು. ಆ ಯಂತ್ರದ ಆಳು ಆಟ ಶುರುವಾದಾಗಿನಿಂದ ಪಾಳೆಯದಲ್ಲಿ ಸುಮ್ಮನೆ ನಿಂತಿದ್ದ. ಯಾವುದನ್ನು ಒತ್ತಿದರೆ ನಡೆಯುತ್ತದೆ ಎಂದು ಅಪ್ಪ ಕೇಳಿದರು. ಪಕ್ಕದಲ್ಲಿದ್ದ ಗದಗಿನ ಹುಡುಗ ತೋರಿಸಿದ. ಅದೃಷ್ಟಕ್ಕೆ ಅವನು ನಿಂತಿದ್ದ ಜಾಗದಿಂದ ಗೋಪುರದ ಬಾಗಿಲಿಗೆ ನೇರ ದಾರಿ. ಓಡುವ ಕೀ ಬೇರೆ ಇದೆ ಎಂದು ಯಾರಿಗೂ ಹೇಳಲು ಹೊಳೆಯಲಿಲ್ಲ. ಹಾಗಾಗಿ ಅಪ್ಪ ನಡೆದೇ ಬಂದರು. ಗುಂಡು ಹಾರುವ ಆ ಬಯಲಿನಲ್ಲಿ, ಮೊದಲನೇ ಶಿಫ್ಟಿಗೆ ಹೊರಟವರ ಹಾಗೆ, ಅತ್ತ ಇತ್ತ ನೋಡದೆ ನೆಟ್ಟಗೆ ನಡೆದು ಬಂದು ನನ್ನ ಎದುರಿಗೆ ನಿಂತರು.

ಹನ್ನೆರಡು ಉಳಿದಿತ್ತು. ಹೊಡೀರಿ ಅಕ್ಕ, ಹೊಡೀರಿ ಎಂದು ಹುಡುಗರು. ಹೆಡ್‌ಫೋನಿನಲ್ಲಿ ಆ ತೆಲುಗು ದೆವ್ವವೂ ಅದನ್ನೇ ಹೇಳುತ್ತಿತ್ತೋ ಏನೋ. ಅದು ಆಟ, ಹತ್ತು ಎಣಿಸುವಷ್ಟರಲ್ಲಿ ಎದ್ದು ಬರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೂ ಬೆರಳು ಒತ್ತಲಿಲ್ಲ. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಮನುಷ್ಯ ಇಷ್ಟು ದೂರ ತಾನಾಗಿ ನಡೆದು ಬಂದಿದ್ದಾನೆ, ಅವನ ಮೇಲೆ ಹೇಗೆ ಕತ್ತಿ ಎತ್ತಲಿ. ಮೂರು, ಎರಡು, ಒಂದು. ನಾನು ಬಿದ್ದೆ. ಕತ್ತಿ ಅಪ್ಪನ ಕಾಲ ಬಳಿ ಬಿತ್ತು.

ಅಪ್ಪ ಕನ್ನಡಕ ಸರಿಮಾಡಿಕೊಂಡು, ಎತ್ಕೊಳ್ಳೋದು ಹೆಂಗೆ ಎಂದರು. ಗದಗಿನವನು ಕೀ ತೋರಿಸಿದ. ನೀಲಿ ಅಲಗು ಎಂಟನೇ ಪರದೆಯ ಮೇಲೆ ಎದ್ದು ನಿಂತಿತು. ಅಮ್ಮ ಆರತಿ ತಟ್ಟೆ ಹಿಡಿದು ಹೊರಟಳು. ಹೂವಿಟ್ಟ ಒಂದನೇ ಯಂತ್ರವನ್ನು ಬಿಟ್ಟು, ಕುರ್ಚಿಗಳ ಹಿಂದೆ ಸೆರಗು ಸುತ್ತಿಕೊಂಡು ನಡೆದು, ಹೂವೇ ಇಲ್ಲದ ಎಂಟನೆಯದರ ಹತ್ತಿರ ಹೋಗಿ ಕರ್ಪೂರ ಹಚ್ಚಿದಳು. ಅಪ್ಪ ಏಳಲು ನೋಡಿದರು.

"ಕೈ ತೆಗೀಬೇಡಿ ರೀ. ಹಂಗೇ ಇರ್ಲಿ," ಎಂದಳು ಅಮ್ಮ. ಪರದೆಗೆ ಆರತಿ ಎತ್ತಿ, ಮೌಸ್ ಮೇಲಿದ್ದ ಅಪ್ಪನ ಕೈಗೂ ಕುಂಕುಮ ಇಟ್ಟಳು.

ಅಷ್ಟರಲ್ಲಿ ಅಪ್ಪನ ಆಯಸ್ಸು ಇಳಿಯುತ್ತಿತ್ತು. ಗದಗಿನ ಹುಡುಗ ಗೋಡೆ ಸವರಿಕೊಂಡು ಹೇಗೋ ಬಾಗಿಲು ಹುಡುಕಿ ಒಳಗೆ ಬಂದು ತಲೆ ತಗ್ಗಿಸಿ ನಿಂತ. ಅಪ್ಪ ಪರದೆ ಬಿಟ್ಟು ಪಕ್ಕದಲ್ಲಿ ಕೂತಿದ್ದ ಅವನ ಮುಖವನ್ನೇ ನೋಡಿದರು.

"ಹೊಡೀಲೇನಪ್ಪಾ?"

"ಹೊಡೀರಿ ಅಂಕಲ್. ನಾ ಮತ್ತ ಹುಟ್ಟಿ ಬರ್ತೀನಿ," ಎಂದ ಅವನು.

ಅಪ್ಪ ಹೊಡೆದರು. ಆಮೇಲೆ ಬಂದವನನ್ನೂ ಹೊಡೆದರು. ಅಷ್ಟರಲ್ಲಿ ನಾನೂ ಮತ್ತೆ ಹುಟ್ಟಿ, ಓಡಿ ಹೋಗಿ ಸಾಲಿನಲ್ಲಿ ನಿಂತೆ. ನನ್ನನ್ನು ಕೇಳಲೂ ಇಲ್ಲ, ಒಂದೇ ಏಟು. ಮಂಗಳಾರತಿ ಮುಗಿದು ಅಮ್ಮ ಎಲ್ಲರಿಗೂ ಆರತಿ ಕೊಡುವವರೆಗೆ ಕತ್ತಿ ಅಪ್ಪನ ಕೈಯಿಂದ ಬೀಳಲಿಲ್ಲ. ಪೂಜೆಯಾದ ಆಯುಧವನ್ನು ಆ ದಿನ ಬಳಸುವಂತಿಲ್ಲ ಎಂದು ಅಪ್ಪನೇ ಎಲ್ಲ ಯಂತ್ರಗಳ ಸ್ವಿಚ್ ಆರಿಸಿದರು. ಹುಡುಗರು ಮೆಟ್ಟಿಲ ಮೇಲೆ ಕೂತು, ಎರಡು ತಂಡದವರೂ ಒಂದೇ ಪೇಪರಿನ ಮೇಲೆ ಸುರಿದ ಬೂಂದಿ ಪುರಿ ತಿಂದರು. ತಿನ್ನುತ್ತಲೇ ಯಾರು ಹೆಚ್ಚು ಸಲ ಸತ್ತರು ಎಂದು ಜಗಳ ಶುರುಮಾಡಿದರು.

ಆ ಸೆಂಟರ್ ಹೆಚ್ಚು ವರ್ಷ ಬಾಳಲಿಲ್ಲ. ಮನೆಮನೆಗೂ ಕಂಪ್ಯೂಟರ್ ಬಂತು, ಹುಡುಗರು ಒಬ್ಬೊಬ್ಬರಾಗಿ ಕೆಲಸ, ಮದುವೆ ಎಂದು ಚದುರಿದರು. ಆ ಆಟವನ್ನು ಈಗ ಹುಡುಕಿದರೂ ಸಿಗುವುದಿಲ್ಲ. ಸಿಕ್ಕರೂ ಒಬ್ಬಳೇ ಕೂತು ಆಡುವ ಆಟವಲ್ಲ ಅದು. ನನಗೆ ನೆನಪಾಗುವುದು ಹಬ್ಬದ ದಿನವೂ ಅಲ್ಲ, ಅದರ ಮಾರನೆಯ ಬೆಳಗ್ಗೆ. ವಿಜಯದಶಮಿ. ನಾನು ಎದ್ದು ಕೆಳಗಿಳಿದಾಗ ಶೆಟರ್ ಆಗಲೇ ಮೇಲಿತ್ತು. ಅಪ್ಪ ಎಂಟೂ ಮೌಸುಗಳನ್ನು ಸಾಲಾಗಿ ಬಿಚ್ಚಿಟ್ಟುಕೊಂಡು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಕಣ್ಣಿನ ಕುಂಕುಮ ತೆಗೆಯುತ್ತಾ ಕೂತಿದ್ದರು. ನನ್ನನ್ನು ನೋಡಲಿಲ್ಲ.

"ನಿನ್ನೆ ಯಾಕೆ ನೀನು ಹೊಡೀಲಿಲ್ಲ?" ಎಂದು ಕೇಳಿದರು.

ಆಗಲಿಲ್ಲ ಅಪ್ಪ ಎಂದೆ.

ಅಪ್ಪ ಒಂದು ಮೌಸನ್ನು ಬೆಳಕಿಗೆ ಹಿಡಿದು ನೋಡಿ, ಊದಿ, ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡರು.

"ಹಂಗೆಲ್ಲಾ ಮಾಡ್ಬಾರ್ದು ಕಣೇ. ಎದುರಿಗೆ ಯಾರಾದ್ರೂ ನಿಂತಿರ್ಲಿ, ಕೆಲಸ ಅಂದ್ಮೇಲೆ ಕೆಲಸ," ಎಂದರು.

ಸರಿ ಅಪ್ಪ ಎಂದು ನಾನು ಪೊರಕೆ ತೆಗೆದುಕೊಂಡೆ.